ಸವಣೂರಿನ ಕಪಾಟಿಗೆ ಅಕ್ಕಿಆಲೂರಿನ ಕೈ

ಅಕ್ಕಿಆಲೂರಿನ ನಮ್ಮ ಶಾಲೆಯಲ್ಲಿ ಮಾರೆಪ್ಪ ಮೂವತ್ತು ವರ್ಷಗಳಿಂದ ಗುಮಾಸ್ತ. ಯಾವ ಮಗುವಿನ ದಾಖಲೆ ಯಾವ ಗಂಟಿನಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿ ಹೇಳುತ್ತಿದ್ದ. ಇಂಥ ಅಪಾಯಕಾರಿ ಜ್ಞಾನ ಒಬ್ಬನಲ್ಲೇ ಇರಬಾರದೆಂದು ಸಂಸ್ಥೆಯವರು ಆರು ಶಾಲೆಗಳ ದಾಖಲೆಗಳನ್ನೂ ಸವಣೂರಿನ ಕಚೇರಿಯ ಒಂದೇ ಕಂಪ್ಯೂಟರಿಗೆ ತುಂಬಿಸಿದರು. ಮಾರೆಪ್ಪನ ಮೇಜಿಗೂ ಒಂದು ಕಂಪ್ಯೂಟರ್ ಬಂತು. ಅದರಲ್ಲಿ ಒಂದು ಫೋಲ್ಡರ್ ಒತ್ತಿದರೆ ಸವಣೂರಿನ ಕಡತಗಳು ಇಲ್ಲಿಯವೇ ಎಂಬಂತೆ ತೆರೆದುಕೊಳ್ಳುತ್ತಿದ್ದವು.

ಮಾರೆಪ್ಪ ಮಾತ್ರ ಅದನ್ನು ಕೇಳದೆ ತೆರೆದವನಲ್ಲ. ಮೊದಲು ಸವಣೂರಿನ ಗುಮಾಸ್ತೆ ಗುಲ್ನಾರಳಿಗೆ ಫೋನು: "ಯವ್ವಾ, ನಿಮ್ಮ ಕಪಾಟಿಗೆ ಕೈ ಹಾಕಾಕತ್ತೇನಿ, ಹಾಕ್ಲೇನು?" ಮುಗಿದ ಮೇಲೆ ಇನ್ನೊಂದು: "ಬಾಗಿಲಾ ಹಾಕ್ಕೋ ಯವ್ವಾ, ಹೊರಗ ಬಂದೆ."

ಸವಣೂರಿನ ಕಚೇರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಶಿವಾನಂದ ಇದನ್ನು ಸಭೆಗಳಲ್ಲಿ ಹೇಳಿ ನಗಿಸುತ್ತಿದ್ದ. ಅವನ ಉಳಿದ ಕೆಲಸಗಳನ್ನು ಯಾರೂ ಕಂಡಿರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಹಳೆಯ ವಿದ್ಯಾರ್ಥಿನಿ ಸುಜಾತಾ ಏದುಸಿರು ಬಿಡುತ್ತ ಬಂದಳು. ನರ್ಸಿಂಗ್ ಪ್ರವೇಶಕ್ಕೆ ಅಂದೇ ಕಡೆಯ ದಿನ. ಐದು ಗಂಟೆಯೊಳಗೆ ಹಾನಗಲ್ಲಿನಲ್ಲಿ ವರ್ಗಾವಣೆ ಪತ್ರದ ನಕಲು ಕೊಡಬೇಕು. ಮಾರೆಪ್ಪ ಎಂದಿನಂತೆ ಫೋನು ಹಚ್ಚಿದ.

"ಇವತ್ತ ಕೈ ಹಾಕೂ ಹಂಗಿಲ್ಲ ಕಾಕಾ," ಎಂದಳು ಗುಲ್ನಾರ. "ಶಿವಾನಂದ ಸರ್ ಪೂಜಿ ಮುಗಿಸ್ಯಾರ. ಕಂಪ್ಯೂಟರ್ ಬಂದ್ ಮಾಡಿ, ಕುಂಕುಮ ಹಚ್ಚಿ, ಮ್ಯಾಲೆ ಕುಂಬಳಕಾಯಿ ಕುಂದ್ರಿಸಿ ಹೋಗ್ಯಾರ. ದಶಮಿ ತನಕ ಯಾರೂ ಮುಟ್ಟಬಾರ್ದಂತ."

ಪೂಜೆಗೆ ಕುಳಿತ ಆಯುಧವನ್ನು ಬಳಸಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ನೇಗಿಲಾದರೆ ಒಂದು ಮನೆಯ ಕೆಲಸವಷ್ಟೇ ನಿಲ್ಲುತ್ತದೆ. ಈ ನೇಗಿಲು ಆರು ಶಾಲೆಗಳದ್ದು ಎಂಬುದು ಕುಂಕುಮ ಹಚ್ಚಿದವರಿಗೆ ಹೊಳೆದಿರಲಿಲ್ಲ.

ಮಾರೆಪ್ಪ ಶಿವಾನಂದನಿಗೇ ಫೋನು ಮಾಡಿದ.

"ನಾಡಿದ್ದು ಬರಾಕ ಹೇಳ್ರಿ ಹುಡುಗಿಗೆ."

"ಕಡೇ ದಿನ ಇವತ್ತೈತ್ರಿ ಸಾಹೇಬ್ರ."

"ಹಂಗಾರ ನಿನ್ನೆ ಬರಬೇಕಿತ್ತು."

ಇಷ್ಟು ಜ್ಞಾನವನ್ನು ಪುಕ್ಕಟೆ ದಯಪಾಲಿಸಿ ಆತ ಫೋನಿಟ್ಟ. ಸುಜಾತಾಳ ಕಣ್ಣು ತುಂಬಿತು. ಮಾರೆಪ್ಪ ಮತ್ತೆ ಗುಲ್ನಾರಳನ್ನು ಫೋನಿನಲ್ಲಿ ಹಿಡಿದ.

"ಯವ್ವಾ, ಮುಟ್ಟಬಾರ್ದು ಅಂದಾರಲ್ಲ, ನಾ ಎಲ್ಲಿ ಮುಟ್ಟತೇನಿ? ನಾ ಇರೂದು ಅಕ್ಕಿಆಲೂರಾಗ. ಅದು ಸುಮ್ನ ಕಣ್ಣು ಬಿಟ್ಕೊಂಡು ಕುಂದ್ರಲಿ, ಸಾಕು."

"ಕಣ್ಣು ಬಿಡಸಾಕ ಗುಂಡಿ ಒತ್ತಬೇಕಲ್ಲ ಕಾಕಾ? ಅದರ ಮ್ಯಾಲೂ ಚೆಂಡುಹೂ ಇಟ್ಟಾರ."

"ಹೂವಿನ ಮ್ಯಾಗಿಂದನ ಒತ್ತು!"

ಆ ಕಡೆ ಕಿಸಕ್ಕೆಂದು ನಗು. ಎರಡು ನಿಮಿಷಕ್ಕೆ ಇಲ್ಲಿ ಫೋಲ್ಡರ್ ತೆರೆಯಿತು. ಕುಂಬಳಕಾಯಿ ಅಳ್ಳಾಡಲೂ ಇಲ್ಲವಂತೆ. ನಕಲು ಅಚ್ಚಾಗಿ ಬಂತು, ಮುಖ್ಯೋಪಾಧ್ಯಾಯರ ಸಹಿ ಬಿತ್ತು. ಪುಣ್ಯಕ್ಕೆ ನಮ್ಮ ಮೊಹರಿಗೆ ಇನ್ನೂ ಪೂಜೆಯಾಗಿರಲಿಲ್ಲ.

ಮೂರೂವರೆಯ ಬಸ್ಸು ಸುಜಾತಾಳನ್ನು ಹೊತ್ತು ಹಾನಗಲ್ಲಿನ ರಸ್ತೆಗೆ ತಿರುಗಿತು. ಅದು ಮರೆಯಾಗುವತನಕ ಬಾಗಿಲಲ್ಲಿ ನಿಂತಿದ್ದ ಮಾರೆಪ್ಪ ಒಳಗೆ ಬಂದು ಫೋನೆತ್ತಿದ:

"ಬಾಗಿಲಾ ಹಾಕ್ಕೋ ಯವ್ವಾ, ಹೊರಗ ಬಂದೆ. ಹೂ ಒತ್ತಿ ನುಗ್ಗಾಗಿದ್ರ ಬ್ಯಾರೇದೊಂದು ಇಡು."