ಹೆಬ್ಬೆರಳು ಹಾರಿಸಿದ ಹಾಳೆ

ವಿಮೆ ಏಜೆಂಟ್ ಮಾತಿನ ಮಲ್ಲ. ಸಹಿ ಹಾಕುವ ಹೊತ್ತಿನಲ್ಲಿ ಅಪಶಕುನವೇಕೆಂದು, ಯಾವ ಯಾವ ಸಾವಿಗೆ ಹಣ ಬರುವುದಿಲ್ಲ ಎಂಬ ಹಾಳೆಯನ್ನು ಹೆಬ್ಬೆರಳಿನಿಂದ ಹಾರಿಸಿಬಿಡುತ್ತಿದ್ದ. ತಂಗಿಯ ಗಂಡನಿಗೂ ಹಾಗೆಯೇ ಮಾಡಿದ.

"ಅದೇನೋ ಹಾರಿಸಿದ್ರಲ್ಲ ಭಾವ, ಏನಿದೆ ಅದ್ರಲ್ಲಿ?"

"ಅದು ಸಾಯೋರಿಗೆ. ನೀವು ಗುಂಡುಕಲ್ಲು, ಸಹಿ ಹಾಕಿ."

ಆ ಗುಂಡುಕಲ್ಲಿಗೆ ಭಾನುವಾರದ ಬೈಕ್ ರೇಸಿನ ಹುಚ್ಚಿತ್ತು. ಏಜೆಂಟನಿಗೂ ಅದು ಗೊತ್ತಿತ್ತು. ಎರಡು ವರ್ಷಕ್ಕೆ ತಂಗಿಯ ಗಂಡ ರೇಸಿನಲ್ಲೇ ಹೋದ. ರೇಸಿನ ಸಾವಿಗೆ ವಿಮೆಯಿಲ್ಲ ಎಂದು ಹಾರಿಸಿದ ಹಾಳೆಯ ನಾಲ್ಕನೇ ಸಾಲಿನಲ್ಲಿತ್ತು.

"ಅವತ್ತೇ ಓದಿ ಹೇಳಿದ್ದಿದ್ರೆ, ಅವ್ರನ್ನ ನಾನು ಹೋಗೋಕೆ ಬಿಡ್ತಿರಲಿಲ್ಲ ಅಣ್ಣ" ಎಂದಷ್ಟೇ ತಂಗಿ ಹೇಳಿದಳು.

ಈಗ ಅವನು ಯಾರ ಮನೆಗೆ ಹೋದರೂ ಮೊದಲು ಆ ಹಾಳೆಯನ್ನೇ ಓದುತ್ತಾನೆ. ಕೇಳಿದವರಲ್ಲಿ ಅರ್ಧ ಜನ ವಿಮೆಯೇ ಬೇಡವೆನ್ನುತ್ತಾರೆ. ನಾಲ್ಕನೇ ಸಾಲಿಗೆ ಬಂದಾಗ ಮಾತ್ರ ಓದದೆ, ಹೆಬ್ಬೆರಳಿಟ್ಟು ತೋರಿಸುತ್ತಾನೆ.