ದೀಕ್ಷಾಳ ಹೆಸರಿನ ತಗ್ಗು

ಸಮುದ್ರದ ಮೈ ಸಪಾಟಲ್ಲ. ಭೂಮಿಯ ಸೆಳೆತ ಹೆಚ್ಚಿದ್ದಲ್ಲಿ ನೀರು ತುಸು ಉಬ್ಬಿರುತ್ತದೆ, ಕಡಿಮೆಯಿದ್ದಲ್ಲಿ ತಗ್ಗಿರುತ್ತದೆ. ಈ ಏರುತಗ್ಗು ಅಳೆಯುವುದೇ ವಿರೂಪಾಕ್ಷನ ಉದ್ಯೋಗ. ಹಡಗಿನ ನೆತ್ತಿಯ ಮೇಲಿನ ಜಿಪಿಎಸ್ ಆಂಟೆನಾ ತಾನೆಷ್ಟು ಎತ್ತರದಲ್ಲಿದ್ದೇನೆಂದು ಉಪಗ್ರಹಗಳಿಂದ ತಿಳಿದುಕೊಂಡು ಹೇಳುತ್ತದೆ. ಅದರಿಂದ ನೀರಿನಿಂದ ಆಂಟೆನಾಕ್ಕಿರುವ ಎತ್ತರವನ್ನೂ ಅಲೆಯನ್ನೂ ಉಬ್ಬರವಿಳಿತವನ್ನೂ ಕಳೆದರೆ ಆಯಿತು. ಜೂಟರ್‌ಮೀರ್ ಎಂಬ ಪರದೇಶದ ಊರಿನ ಆಫೀಸಿನಲ್ಲಿ ಕೂತು ಉತ್ತರ ಸಮುದ್ರವನ್ನು ಹೀಗೆ ಅಂಗುಲ ಅಂಗುಲ ಬಲ್ಲವನಾಗಿದ್ದ ವಿಜಯಪುರದ ಈ ಮನುಷ್ಯ ಒಮ್ಮೆಯೂ ಹಡಗು ಹತ್ತಿರಲಿಲ್ಲ.

ಒಂದು ದಿನ, ಇಂಗ್ಲೆಂಡಿಗೆ ಹೋಗಿಬರುವ ಫೆರಿಯ ಅಳತೆಗಳಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಗೇಣು ಆಳದ ತಗ್ಗೊಂದು ಕಂಡಿತು. ಹೋಗುವಾಗಲೂ ಅಲ್ಲೇ, ಬರುವಾಗಲೂ ಅಲ್ಲೇ.

"ಸಮುದ್ರದಾಗ ಹೊಸಾ ತಗ್ಗು ಸಿಕ್ಕೈತಿ. ನಿನ್ನ ಹೆಸರಿಡತೀನಿ," ಎಂದ ಹೆಂಡತಿ ದೀಕ್ಷಾಳಿಗೆ.

ಅವಳು ಹಿಗ್ಗಿ ಊರಿಗೆ ವಿಡಿಯೊ ಕಾಲ್ ಮಾಡಿದಳು. ಅವಳ ತಂದೆ ಶಿವಬಸಪ್ಪನವರಿಗೆ ಸಮಾಧಾನವಾಗಲಿಲ್ಲ. "ಅಲ್ರೀ ಅಳಿಯಂದಿರ, ನನ್ನ ಮಗಳಿಗೆ ತಗ್ಗೇ ಆಗಬೇಕಿತ್ತೇನು? ಒಂದು ಗುಡ್ಡ ಸಿಗಲಿಲ್ಲೇನು?"

ಆಫೀಸಿನಲ್ಲಿ ಅವನ ಮೇಲಧಿಕಾರಿ ಮೈಸೂರಿನ ಮೈಥಿಲಿ ಅಂಕಿಗಳನ್ನೆಲ್ಲ ನೋಡಿದಳು. "ಕಾನ್ಫರೆನ್ಸಲ್ಲಿ ಹೇಳೋಕ್ ಮುಂಚೆ ಒಂದ್ಸಲ ಆ ಫೆರೀಲಿ ಹೋಗ್ಬನ್ನಿ ವಿರೂಪಾಕ್ಷ."

ಹೋದ. ಬಂದರು ದಾಟುವಷ್ಟರಲ್ಲಿ ಬೆಳಗಿನ ಉಪ್ಪಿಟ್ಟು ಸಮುದ್ರದ ಪಾಲಾಯಿತು. ಹಿಂಬದಿಯ ಕಟಕಟೆ ಹಿಡಿದು ಜೋತುಬಿದ್ದಿದ್ದವನು, ತಗ್ಗಿನ ಜಾಗ ಹತ್ತಿರವಾದಾಗ ಹೇಗೋ ತಲೆಯೆತ್ತಿದ. ಹಡಗು ಪೂರ್ಣ ವೇಗದಲ್ಲಿತ್ತು. ಕಾಲಡಿಯ ಡೆಕ್ ಗಡಗಡ ನಡುಗಿತು; ಹಿಂದೆ ಏಳುವ ತೆರೆ ಇದ್ದಕ್ಕಿದ್ದಂತೆ ಕಟಕಟೆಯ ಹತ್ತಿರಕ್ಕೇ ಬಂತು. ಫೋನಿನಲ್ಲಿ ಆಳದ ನಕ್ಷೆ ತೆರೆದು ನೋಡಿದ: ಕೆಳಗೊಂದು ದೊಡ್ಡ ಮರಳದಿಬ್ಬ. ನೀರಿನ ಆಳ ಕಡಿಮೆಯಾದಲ್ಲಿ ವೇಗವಾಗಿ ಓಡುವ ಹಡಗು ತಾನೇ ತುಸು ಕುಸಿದು ಕೂರುತ್ತದೆ. ತಗ್ಗಿದ್ದು ಸಮುದ್ರವಲ್ಲ, ಹಡಗು. ಅವನು ಮತ್ತೆ ಕಟಕಟೆಗೆ ಬಾಗಿದ. ಈ ಸಲ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.

ಸಮುದ್ರ ಅಳೆಯುವವರ ಆ ಕಾನ್ಫರೆನ್ಸಿನಲ್ಲಿ ಅವನು ನಡೆದದ್ದನ್ನು ನಡೆದಂತೆಯೇ ಹೇಳಿ, ಇಂಥ ಕುಸಿತವನ್ನು ಲೆಕ್ಕದಿಂದ ತೆಗೆಯುವ ಬಗೆಯನ್ನೂ ವಿವರಿಸಿದ. ನಿಜವಾದ ತಗ್ಗು ಹುಡುಕಿ ತಂದವರಿಗೆ ಒಂದೆರಡು ಚಪ್ಪಾಳೆ ಬಿತ್ತು. ಇಲ್ಲದ ತಗ್ಗನ್ನು ಅಳಿಸಿದವನ ಸುತ್ತ ಮಾತ್ರ ಚಹಾದ ಹೊತ್ತಿನಲ್ಲಿ ಜನವೋ ಜನ. ಎಲ್ಲರ ಹಡಗುಗಳೂ ಹೀಗೇ ಕುಸಿಯುತ್ತಿದ್ದವು!

"ಇನ್ಮೇಲೆ ಹೊಸಾ ಹಡಗು ಬಂದ್ರೆ ನೀವೇ ಹೋಗ್ಬೇಕು. ಬೇರೆ ಯಾರ್ಗೂ ಈ ಅನುಭವ ಇಲ್ವಲ್ಲ," ಎಂದಳು ಮೈಥಿಲಿ.

ಹೀಗೆ ವಿರೂಪಾಕ್ಷ ಈಗ ಸಮುದ್ರ ಬಲ್ಲವನೆನಿಸಿಕೊಂಡಿದ್ದಾನೆ. ಹೊರಡುವ ದಿನ ದೀಕ್ಷಾ ಬಾಗಿಲಿಗೆ ಬಂದು ಕೇಳುತ್ತಾಳೆ: "ವಾಂತಿ ಗುಳಿಗಿ ತಗೊಂಡ್ರಿಲ್ಲೋ?"