ಸೋಪಿನ ಡಬ್ಬಿಯ ಫೋನುಗಳು

ತೊಂಬತ್ತರ ದಶಕದಲ್ಲಿ ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿಯವರೊಬ್ಬರಿದ್ದರು. ಸ್ಕ್ರೂ ಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಯಾರು ಹೊಗಳಿದರೂ ಒಂದೇ ಉತ್ತರ: "ಇದಲ್ಲ ರೀ, ಮುಂದಿಂದು."

ಒಮ್ಮೆ ನನ್ನ ರೇಡಿಯೊಗೆ ಸೆಲ್ ಹುಡುಕಲು ಅವರ ಡ್ರಾಯರ್ ಎಳೆದೆ. ಒಳಗೆ ಸೋಪಿನ ಡಬ್ಬಿಗಳಲ್ಲಿ ಕೂರಿಸಿದ ಆರು ಜೋಡಿ ತಂತಿಯಿಲ್ಲದ ಫೋನುಗಳು! ದನಿ ಎಲ್ಲಿಯವರೆಗೆ ಮುಟ್ಟಿತೆಂದು ಒಂದೊಂದರ ಮೇಲೂ ಚೀಟಿ ಅಂಟಿಸಿದ್ದರು: 'ಹೊಸ್ತಿಲು', 'ಬಾವಿಕಟ್ಟೆ', 'ಹೋಟೆಲಿನ ಮೂಲೆ'.

"ಇದೇನ್ರೀ ಹುಚ್ಚು?" ಎಂದು ನಕ್ಕೆ.

"ಹೆಂಡ್ತಿ ಮನೇಲಿ ಒಬ್ಬಳೇ. ಹಾಸಿಗೆಯಿಂದ ಏಳಕ್ಕಾಗಲ್ಲ. ಅವಳು ಕರೆದ್ರೆ ನಂಗೆ ಇಲ್ಲಿ ಕೇಳ್ಬೇಕು," ಎನ್ನುತ್ತ ಏಳನೆಯ ಜೋಡಿಯಲ್ಲಿ ಒಂದನ್ನು ನನ್ನ ಕೈಗಿಟ್ಟರು.

ಅದನ್ನು ಕಿವಿಗೆ ಹಿಡಿದು ಅವರ ಮನೆಯ ದಾರಿಯಲ್ಲಿ ನಡೆದೆ. "ಕೇಳ್ತದಾ ರೀ?" ಎಂಬ ಅವರ ದನಿ ಅಕ್ಕಿ ಗಿರಣಿಯವರೆಗೂ ಬಂತು, ಆಮೇಲೆ ಬರೀ ಗರಗರ. ಓಡಿಬಂದು, "ಗಿರಣಿ ತನಕ ಕೇಳ್ತು! ಗೆದ್ದುಬಿಟ್ರಿ!" ಎಂದೆ.

ಅವರು 'ಗಿರಣಿ' ಎಂದು ಬರೆದು ಅಂಟಿಸಿ, ಅದನ್ನೂ ಡ್ರಾಯರಿಗೆ ಸೇರಿಸಿದರು. ಮನೆ ಗಿರಣಿಯಿಂದ ಇನ್ನೂ ನಾಲ್ಕು ಗದ್ದೆ ಆಚೆಗಿತ್ತು. ನಲ್ಲಿಯ ಬಳಿಯಿದ್ದ ಡಬ್ಬಿಯಿಂದ ಒದ್ದೆ ಸೋಪನ್ನು ತೆಗೆದು ನನ್ನ ಅಂಗೈಗಿಟ್ಟರು.

"ಬೆವರಿದೀರಿ, ಮುಖ ತೊಳ್ಕೊಳ್ರಿ. ಡಬ್ಬಿ ನಂಗೆ ಬೇಕು."